ಯಕ್ಷಗಾನ ಆಟದ ವೀಡಿಯೊ ಇಡಲು ಯಾವ ಹಾರ್ಡ್ ಡಿಸ್ಕ್ ಕೊಳ್ಳಬೇಕು?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ನೀರ್ಚಾಲು ಸಮೀಪ. ಸುತ್ತಮುತ್ತ ನಡೆಯುವ ಯಕ್ಷಗಾನ ಬಯಲಾಟ, ಮಳೆಗಾಲದ ತಾಳಮದ್ದಳೆಗಳನ್ನು ಕ್ಯಾಮೆರಾದಲ್ಲಿ ದಾಖಲಿಸುವ ಹವ್ಯಾಸ ನನಗುಂಟು. ಹಳೆಯ ಕ್ಯಾಸೆಟ್‌ಗಳಿಂದ ಕಂಪ್ಯೂಟರಿಗೆ ಇಳಿಸಿದ ಭಾಗವತಿಕೆಯೂ ಇದೆ. ಲ್ಯಾಪ್‌ಟಾಪಿನ 512 ಜಿಬಿ ತುಂಬಿ ಕೆಂಪು ಗೆರೆ ತೋರಿಸುತ್ತಿದೆ. ಪೋರ್ಟಬಲ್ ಹಾರ್ಡ್ ಡಿಸ್ಕ್ ಒಂದು ಬೇಕು. ಎಸ್‌ಎಸ್‌ಡಿಯೇ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಡೇಟಾ ಇಡುವಂಥದ್ದು) ತೆಗೆಯಿರಿ ಎಂದು ಅಳಿಯ ಹೇಳುತ್ತಾರೆ. ದುಬೈಯಲ್ಲಿರುವ ತಮ್ಮ, ಬರುವಾಗ 5 ಟಿಬಿಯದ್ದು (ಒಂದು ಟಿಬಿ ಎಂದರೆ ಸಾವಿರ ಜಿಬಿ) ಅಲ್ಲಿಂದಲೇ ತರುತ್ತೇನೆ ಎನ್ನುತ್ತಾನೆ. ಆನ್‌ಲೈನಿನಲ್ಲಿ 16 ಟಿಬಿ ಎಂದು ಬರೆದ ಪುಟ್ಟ ಪೆಟ್ಟಿಗೆಯೊಂದು ಎರಡು ಸಾವಿರಕ್ಕೂ ಕಡಿಮೆ ಬೆಲೆಗೆ ಕಾಣುತ್ತದೆ. ಯಾವುದು ಆಗಬಹುದು? ಟಿವಿಗೆ ಸಿಕ್ಕಿಸಿ ನೋಡಲಿಕ್ಕೂ ಬರಬೇಕು.

ಉತ್ತರ: 2 ಟಿಬಿಯ ಹಾರ್ಡ್ ಡಿಸ್ಕ್ ಎರಡು ತೆಗೆದುಕೊಳ್ಳಿ. 5 ಟಿಬಿಯ ಒಂದು ಬೇಡ, ಎಸ್‌ಎಸ್‌ಡಿ ಸದ್ಯಕ್ಕೆ ಬೇಡ, ಆ 16 ಟಿಬಿಯ ಪೆಟ್ಟಿಗೆಯನ್ನಂತೂ ಮುಟ್ಟಲೇ ಬೇಡಿ. ಕೈಯಲ್ಲಿರುವ ಹಣ 2 ಟಿಬಿಯ ಒಂದಕ್ಕೆ ಮಾತ್ರ ಸಾಲುವುದಾದರೆ ಸ್ವಲ್ಪ ಸೇರಿಸಿ 1 ಟಿಬಿಯ ಎರಡು ಕೊಳ್ಳಿ.

ನೀವು ಕೇಳಿದ್ದು ಒಂದು, ನಾನು ಹೇಳುವುದು ಎರಡು. ಅದಕ್ಕೆ ಕಾರಣ ಇದೆ. ಕೆಟ್ಟ ಡಿಸ್ಕ್ ಹಿಡಿದುಕೊಂಡು ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಹೇಳುವ ಮಾತು ಒಂದೇ: "ಬೇರೆ ಎಲ್ಲಿಯೂ ಇಲ್ಲ, ಇದ್ದದ್ದೆಲ್ಲ ಇದರಲ್ಲೇ." ಲ್ಯಾಪ್‌ಟಾಪ್ ತುಂಬಿದಾಗ ಎಲ್ಲವನ್ನೂ ಕಟ್ ಮಾಡಿ ಹೊರಗಿನ ಡಿಸ್ಕಿಗೆ ಪೇಸ್ಟ್ ಮಾಡುತ್ತಾರೆ, ಬ್ಯಾಕಪ್ ಆಯಿತು ಎಂದುಕೊಳ್ಳುತ್ತಾರೆ. ಬ್ಯಾಕಪ್ ಆದದ್ದಲ್ಲ, ಫೈಲುಗಳು ಜಾಗ ಬದಲಿಸಿದ್ದು ಅಷ್ಟೆ. ಮೊದಲು ಲ್ಯಾಪ್‌ಟಾಪಿನಲ್ಲಿ ಒಂದೇ ಪ್ರತಿ ಇತ್ತು, ಈಗ ಬಿದ್ದರೆ ಹಾಳಾಗುವ ಸಣ್ಣ ಪೆಟ್ಟಿಗೆಯಲ್ಲಿ ಒಂದೇ ಪ್ರತಿ ಉಂಟು. ಒಳಗಿನ ತಟ್ಟೆಯಿಂದ ಡೇಟಾ ಓದಿ ಬರೆಯುವ ಹೆಡ್ ಹಾಳಾದ ಡಿಸ್ಕನ್ನು ದೂಳಿಲ್ಲದ ಕೊಠಡಿಯಲ್ಲಿ ಬಿಚ್ಚಿ ಡೇಟಾ ತೆಗೆಯುವವರಿದ್ದಾರೆ, ಆದರೆ ಅವರು ಕೇಳುವ ಮೊತ್ತಕ್ಕೆ ಹೊಸ ಡಿಸ್ಕ್‌ಗಳು ಹಲವು ಬರುತ್ತವೆ. ಅಷ್ಟು ಕೊಟ್ಟರೂ ಸಿಕ್ಕೇ ಸಿಗುತ್ತದೆ ಎಂಬ ಖಾತ್ರಿ ಯಾರೂ ಕೊಡುವುದಿಲ್ಲ. ಸಿನಿಮಾ ಹೋದರೆ ಪುನಃ ಸಿಗುತ್ತದೆ, ಕಳೆದ ವರ್ಷದ ಆಟ ಪುನಃ ಸಿಗುವುದಿಲ್ಲ. ಹಾಗಾಗಿ ಕಂಪೆನಿ, ಬಣ್ಣ, ವೇಗ ಎಲ್ಲ ಆಮೇಲೆ. ಎರಡನೆಯ ಪ್ರತಿಗೆ ಹಣ ಮೊದಲು ತೆಗೆದಿಡಿ.

2 ಟಿಬಿ ಏಕೆ ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಫುಲ್ ಎಚ್‌ಡಿ ಕ್ಯಾಮ್‌ಕಾರ್ಡರ್‌ಗಳ ಒಳ್ಳೆಯ ಗುಣಮಟ್ಟದ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 24 ಮೆಗಾಬಿಟ್ ಆಸುಪಾಸಿನಲ್ಲಿ ದಾಖಲಾಗುತ್ತದೆ. ಎಂಟು ಬಿಟ್ಟಿಗೆ ಒಂದು ಬೈಟು, ಅಂದರೆ ಸೆಕೆಂಡಿಗೆ 3 ಎಂಬಿ, ಗಂಟೆಗೆ 10.8 ಜಿಬಿ. ಐದು ಗಂಟೆಯ ಕಾಲಮಿತಿ ಆಟಕ್ಕೆ 54 ಜಿಬಿ ಬೇಕು. ಬೆಳಗಿನವರೆಗಿನ ಆಟವಾದರೆ ತೊಂಬತ್ತರ ಹತ್ತಿರ ಹೋಗುತ್ತದೆ. ದೀಪಾವಳಿ ಕಳೆದು ಮೇಳಗಳು ಹೊರಟ ಮೇಲೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯಲ್ಲಿ ಮೇಳಗಳು ಆಟ ಮುಗಿಸುವ ದಿನದವರೆಗೆ, ಆರೇಳು ತಿಂಗಳು. ತಿಂಗಳಿಗೆ ಮೂರು ಕಾಲಮಿತಿ ಆಟ ದಾಖಲಿಸಿದರೂ ಒಂದು ತಿರುಗಾಟಕ್ಕೆ ಇಪ್ಪತ್ತು ಆಟ, ಸುಮಾರು 1.1 ಟಿಬಿ. 2 ಟಿಬಿಯ ಡಿಸ್ಕಿನಲ್ಲಿ ಇಂಥ 37 ಆಟ ಹಿಡಿಯುತ್ತವೆ, ಎರಡು ವರ್ಷಕ್ಕೆ ಹತ್ತಿರ ಹತ್ತಿರ ಸಾಕು. ತಾಳಮದ್ದಳೆಯ ಧ್ವನಿ ಮಾತ್ರ ದಾಖಲಿಸುವುದಾದರೆ ಅದರ ಚಿಂತೆಯೇ ಬೇಡ, ಸಂಕುಚಿತಗೊಳಿಸದ ವೇವ್ ಫೈಲಿಗೂ ಗಂಟೆಗೆ ಮುಕ್ಕಾಲು ಜಿಬಿ ಸಾಕಾಗುತ್ತದೆ. ಕ್ಯಾಸೆಟ್‌ಗಳದ್ದೂ ಹಾಗೆಯೇ. ಅವನ್ನು ಎಂಪಿ3 ಮಾಡಿ ಜಾಗ ಉಳಿಸುವ ಕೆಲಸಕ್ಕೆ ಹೋಗಬೇಡಿ, ವೇವ್‌ನಲ್ಲೇ ಇರಲಿ. ಮುಂದೆ 4ಕೆ ಕ್ಯಾಮೆರಾಕ್ಕೆ ಹೋದರೆ ಮಾತ್ರ ಈ ಲೆಕ್ಕ ಎರಡರಿಂದ ನಾಲ್ಕು ಪಟ್ಟಾಗುತ್ತದೆ.

ಹೊಸ ಡಿಸ್ಕ್ ಸಿಕ್ಕಿಸಿದಾಗ ವಿಂಡೋಸ್ ಅದನ್ನು 1.81 ಟಿಬಿ ಎಂದು ತೋರಿಸುತ್ತದೆ. ಅಂಗಡಿಯವನು ಮೋಸ ಮಾಡಿದ್ದಲ್ಲ. ಕಂಪೆನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1024ರ ಲೆಕ್ಕದಲ್ಲಿ.

5 ಟಿಬಿಯ ಒಂದರಲ್ಲಿ ಐದು ವರ್ಷದ್ದನ್ನೆಲ್ಲ ತುಂಬುವ ಯೋಚನೆ ನನಗೆ ಹಿಡಿಸುವುದಿಲ್ಲ. ಅದು ಹೋದ ದಿನ ಐದು ವರ್ಷವೂ ಒಟ್ಟಿಗೇ ಹೋಗುತ್ತದೆ. 2 ಟಿಬಿ ತುಂಬಿದಾಗ ಅದರ ಮೇಲೆ ವರ್ಷ ಬರೆದ ಚೀಟಿ ಅಂಟಿಸಿ ಬದಿಗಿಟ್ಟು ಹೊಸ ಜೋಡಿ ತೆಗೆದುಕೊಳ್ಳಿ.

ಇನ್ನು ಅಳಿಯನ ಮಾತು. ಎಸ್‌ಎಸ್‌ಡಿ ಒಳ್ಳೆಯದೇ, ಅವರು ಹೇಳಿದ್ದು ತಪ್ಪಲ್ಲ. ತಿರುಗುವ ಭಾಗ ಇಲ್ಲ, ಕೈಜಾರಿ ಬಿದ್ದರೂ ಬದುಕುವ ಸಾಧ್ಯತೆ ಹೆಚ್ಚು, ವೇಗವಂತೂ ಹೋಲಿಸಲಿಕ್ಕಿಲ್ಲ. ಪೋರ್ಟಬಲ್ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 130 ಎಂಬಿ ಓದಿ ಬರೆದರೆ ಎಸ್‌ಎಸ್‌ಡಿ 500ರಿಂದ 1000 ಎಂಬಿ. ಆದರೆ ನಿಮ್ಮ ವೀಡಿಯೊ ಬರುವುದು ಕ್ಯಾಮೆರಾದ ಎಸ್‌ಡಿ ಕಾರ್ಡಿನಿಂದ. ಸಾಮಾನ್ಯ ಕಾರ್ಡುಗಳಿಂದ ಸೆಕೆಂಡಿಗೆ 90 ಎಂಬಿ ಬಂದರೆ ಅದೇ ದೊಡ್ಡದು. ಕಾರ್ಡೇ ಅಷ್ಟು ಕೊಡುವಾಗ ಆಚೆ ಎಷ್ಟು ವೇಗದ ಪೆಟ್ಟಿಗೆ ಇಟ್ಟರೂ ಪ್ರಯೋಜನ ಇಲ್ಲ, 54 ಜಿಬಿಗೆ ಹತ್ತು ನಿಮಿಷ ಆಗಿಯೇ ಆಗುತ್ತದೆ. ಆ ಹತ್ತು ನಿಮಿಷದಲ್ಲಿ ಒಂದು ಚಾ ಕುಡಿಯಬಹುದು. ಅದಕ್ಕಾಗಿ ಅಷ್ಟು ಹೆಚ್ಚು ಹಣ ಕೊಡಬೇಕೇ?

ಇನ್ನೊಂದು ವಿಷಯ, ಇದನ್ನು ಅಂಗಡಿಯಲ್ಲಿ ಹೇಳುವವರು ಕಡಿಮೆ. ಎಸ್‌ಎಸ್‌ಡಿಯಲ್ಲಿ ಡೇಟಾ ಇರುವುದು ವಿದ್ಯುತ್ ಕಣಗಳ ರೂಪದಲ್ಲಿ. ಕರೆಂಟ್ ಕೊಡದೆ ವರ್ಷಗಟ್ಟಲೆ ಇಟ್ಟರೆ ಅದು ನಿಧಾನವಾಗಿ ಸೋರುತ್ತದೆ, ಸೆಖೆ ಹೆಚ್ಚಿದಷ್ಟು ಬೇಗ. ಚಿಪ್ಪುಗಳ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗೆ ಕೇಳುವುದು, ಬರೆಯುವ ಆಯುಷ್ಯ ಪೂರ್ತಿ ಮುಗಿದ ಮೇಲೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಯಬೇಕು ಎಂದು. ಹೊಸ ಎಸ್‌ಎಸ್‌ಡಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಹಿಡಿದಿಡುತ್ತದೆ, ಹೆದರಬೇಕಾಗಿಲ್ಲ. ಆದರೂ ಕಪಾಟಿನಲ್ಲಿ ಇಟ್ಟು ಮರೆಯುವ ವಸ್ತು ಅದಲ್ಲ. ಕೆಡುವಾಗಲೂ ಅದು ಹೆಚ್ಚಾಗಿ ಸದ್ದಿಲ್ಲದೆ, ಒಮ್ಮೆಲೇ ಕೆಡುತ್ತದೆ. ಹಾರ್ಡ್ ಡಿಸ್ಕಾದರೆ ಎಷ್ಟೋ ಸಲ ಮೊದಲು ನಿಧಾನವಾಗುತ್ತದೆ, ಕೊಟ ಕೊಟ ಎನ್ನುತ್ತದೆ, ಒಂದೆರಡು ಫೈಲು ತೆರೆಯಲಿಕ್ಕೆ ಸತಾಯಿಸುತ್ತದೆ. ನೀವು ಅದೇ ಡಿಸ್ಕಿನಿಂದ ನೇರ ಎಡಿಟಿಂಗ್ ಮಾಡುವವರಾಗಿದ್ದರೆ, ದಿನಾ ಚೀಲದಲ್ಲಿ ಹಾಕಿಕೊಂಡು ಬೈಕಿನಲ್ಲಿ ಓಡಾಡುವವರಾಗಿದ್ದರೆ ಎಸ್‌ಎಸ್‌ಡಿ ಎನ್ನುತ್ತಿದ್ದೆ. ನಿಮ್ಮದು ಇಟ್ಟುಕೊಳ್ಳುವ ಕೆಲಸ.

ಹಾರ್ಡ್ ಡಿಸ್ಕ್ ಕೊಳ್ಳುವಾಗ ಒಂದು ಸಂಗತಿ ತಿಳಿದಿರಲಿ. 1 ಟಿಬಿ ಮತ್ತು ಅದಕ್ಕಿಂತ ದೊಡ್ಡ ಪೋರ್ಟಬಲ್ ಡಿಸ್ಕುಗಳಲ್ಲಿ ಹೆಚ್ಚಿನವು ಈಗ ಎಸ್‌ಎಂಆರ್ ಎಂಬ ವಿಧಾನದವು. ಮಾಡಿನ ಹಂಚುಗಳು ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತವಲ್ಲ, ಇದರಲ್ಲಿ ಡೇಟಾದ ಸಾಲುಗಳೂ ಹಾಗೆ ಕೂರುತ್ತವೆ. ಕಡಿಮೆ ಜಾಗದಲ್ಲಿ ಹೆಚ್ಚು ಹಿಡಿಯುತ್ತದೆ, ಆದರೆ ನಡುವಿನ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲಿನವನ್ನೂ ಎತ್ತಬೇಕು. ಒಮ್ಮೆ ತುಂಬಿಸಿ ಇಡುವವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಸಾವಿರಾರು ಸಣ್ಣ ಫೈಲು ಹಾಕುವುದು, ಅಳಿಸುವುದು, ಪುನಃ ಹಾಕುವುದು, ಅದರಲ್ಲೇ ಸಾಫ್ಟ್‌ವೇರ್ ಓಡಿಸುವುದು ಮಾಡಿದರೆ ಮಾತ್ರ ವೇಗ ಕುಸಿದು ಪೆನ್‌ಡ್ರೈವಿಗಿಂತ ಕಡೆಯಾಗುತ್ತದೆ. ದೊಡ್ಡ ಫೋಲ್ಡರ್ ಹಾಕುವಾಗ ಅರ್ಧದಲ್ಲಿ ನಿಧಾನವಾದರೆ ಡಿಸ್ಕ್ ಹೋಯಿತೆಂದು ಗಾಬರಿಯಾಗಿ ಕೇಬಲ್ ಎಳೆಯಬೇಡಿ.

ಕಂಪೆನಿಯ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪ್ರಪಂಚದಲ್ಲಿ ಹಾರ್ಡ್ ಡಿಸ್ಕ್ ತಯಾರಿಸುವವರು ಈಗ ಮೂವರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಬೇರೆ ಯಾವ ಹೆಸರು ಹೊರಗೆ ಇದ್ದರೂ ಒಳಗಿರುವುದು ಈ ಮೂವರಲ್ಲಿ ಒಬ್ಬರದ್ದು. ನಾನು ಹೇಳುವುದಾದರೆ ಎರಡನ್ನೂ ಒಂದೇ ಕಂಪೆನಿಯದ್ದು ತೆಗೆಯಬೇಡಿ. ಒಂದೇ ಅಂಗಡಿಯಲ್ಲಿ ಒಂದೇ ದಿನ ಒಂದೇ ಮಾದರಿಯ ಎರಡು ಕೊಂಡರೆ ಅವು ಒಂದೇ ದಿನ ತಯಾರಾದವೂ ಆಗಿರಬಹುದು, ಆ ಸರದಿಯಲ್ಲಿ ದೋಷವಿದ್ದರೆ ಎರಡರಲ್ಲೂ ಇರುತ್ತದೆ. ವೆಸ್ಟರ್ನ್ ಡಿಜಿಟಲ್‌ನ ಹಲವು ಪೋರ್ಟಬಲ್ ಮಾದರಿಗಳಲ್ಲಿ ಯುಎಸ್‌ಬಿ ಪೋರ್ಟು ಡಿಸ್ಕಿನ ಸ್ವಂತ ಬೋರ್ಡಿಗೇ ಬೆಸೆದಿರುತ್ತದೆ. ಅದು ಮುರಿದರೆ ಒಳಗಿನ ಡಿಸ್ಕನ್ನು ಬೇರೆ ಪೆಟ್ಟಿಗೆಗೆ ಹಾಕಿ ಓದಿಸಲು ಬರುವುದಿಲ್ಲ. ಇದು ಬೇಡವೇ ಬೇಡ ಎನ್ನುವಷ್ಟು ದೊಡ್ಡ ಕೊರತೆ ಅಲ್ಲ, ಪೋರ್ಟಿನ ಬಗ್ಗೆ ಜಾಗ್ರತೆ ಬೇಕು ಎನ್ನಲು ಸಾಕಷ್ಟು ಕಾರಣ.

ಆ ಪೋರ್ಟನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಹೆಚ್ಚಿನ ಡಿಸ್ಕುಗಳಿಗೆ ಇನ್ನೂ ಬರುವುದು ಚಪ್ಪಟೆಯಾದ, ನಡುವೆ ಒಂದು ಸೀಳು ಇರುವ ಅಗಲದ ಪಿನ್ನು. ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟು ಡಿಸ್ಕನ್ನು ಕೇಬಲಿನಲ್ಲಿ ನೇತಾಡಲು ಬಿಟ್ಟರೆ ಆ ತೆಳು ತಗಡಿನ ಮೇಲೆ ಪೂರ್ತಿ ಭಾರ ಬೀಳುತ್ತದೆ. ಕೆಲವು ತಿಂಗಳಲ್ಲಿ ಪಿನ್ನು ಅಲ್ಲಾಡಲು ಶುರು, ಮುಟ್ಟಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ. ಬರೆಯುತ್ತಿರುವಾಗ ಹಾಗೆ ಹೋದರೆ ಫೈಲುಗಳ ಪಟ್ಟಿಯೇ ಕೆಡಬಹುದು. ಟೈಪ್-ಸಿ ಪೋರ್ಟಿನ ಮಾದರಿ ಸಿಕ್ಕಿದರೆ ಒಳ್ಳೆಯದು. ಡಿಸ್ಕ್ ಯಾವತ್ತೂ ಮೇಜಿನ ಮೇಲೆ ಮಲಗಿರಲಿ.

ಕೇಬಲ್ ಡಿಸ್ಕಿನ ಜೊತೆ ಬಂದದ್ದನ್ನೇ ಬಳಸಿ, ಗಿಡ್ಡ ಉಂಟೆಂದು ಉದ್ದದ ಅಗ್ಗದ್ದು ತರಬೇಡಿ. ಈ ಡಿಸ್ಕುಗಳಿಗೆ ಬೇರೆ ಕರೆಂಟ್ ಇಲ್ಲ, ತಿರುಗಲು ಬೇಕಾದ್ದೆಲ್ಲ ಲ್ಯಾಪ್‌ಟಾಪಿನ ಪೋರ್ಟಿನಿಂದಲೇ ಬರಬೇಕು. ಯುಎಸ್‌ಬಿ 3 ಪೋರ್ಟು 900 ಮಿಲಿಆಂಪಿಯರ್ ಕೊಡುತ್ತದೆ, ಹಳೆಯ ಯುಎಸ್‌ಬಿ 2 ಪೋರ್ಟಿನದ್ದು 500 ಮಾತ್ರ. ಸಾಕಾಗದಿದ್ದರೆ ಡಿಸ್ಕ್ ತಿರುಗಲು ನೋಡಿ ಟಿಕ್ ಎಂದು ನಿಲ್ಲುತ್ತದೆ, ಪುನಃ ಟಿಕ್. ಯುಎಸ್‌ಬಿ 2ರಲ್ಲಿ ವೇಗವೂ ಸೆಕೆಂಡಿಗೆ 35-40 ಎಂಬಿ ದಾಟುವುದಿಲ್ಲ. ಹಾಗಾಗಿ ಟಿಕ್ ಟಿಕ್ ಕೇಳಿದ ಕೂಡಲೇ ಪೋರ್ಟು ಬದಲಿಸಿ, ಕೇಬಲ್ ಬದಲಿಸಿ ನೋಡಿ. ಆಮೇಲೂ ಬಂದರೆ ಒಳಗೆ ಏನೋ ಆಗಿದೆ ಎಂದರ್ಥ. ಅಲ್ಲಿಗೇ ನಿಲ್ಲಿಸಿ, ಇನ್ನೊಮ್ಮೆ ಇನ್ನೊಮ್ಮೆ ಎಂದು ಪ್ರಯತ್ನಿಸಿದಷ್ಟೂ ಹೆಡ್ಡು ತಟ್ಟೆಯನ್ನು ಗೀರುತ್ತಾ ಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂದು ಹೇಳುವವರು ಈಗಲೂ ಇದ್ದಾರೆ ಮಾರಾಯ್ರೆ. ನಮ್ಮ ಊರಿನ ಹವೆಯಲ್ಲಿ ಫ್ರಿಜ್ಜಿನಿಂದ ಹೊರಗೆ ತೆಗೆದ ಯಾವ ವಸ್ತುವಿನ ಮೇಲೆ ನೀರು ಕೂರುವುದಿಲ್ಲ ಹೇಳಿ!

16 ಟಿಬಿಯ ಪೆಟ್ಟಿಗೆಯದ್ದು ಶುದ್ಧ ಮೋಸ. ಕೇಬಲ್ ಒಂದರಿಂದಲೇ ನಡೆಯುವ ಪೋರ್ಟಬಲ್ ಹಾರ್ಡ್ ಡಿಸ್ಕುಗಳಲ್ಲಿ ಅಷ್ಟು ದೊಡ್ಡದು ಇಲ್ಲವೇ ಇಲ್ಲ, ಅಷ್ಟು ದೊಡ್ಡ ಎಸ್‌ಎಸ್‌ಡಿ ಆ ಬೆಲೆಗೆ ಬರುವ ಮಾತೇ ಇಲ್ಲ. ಇಂಥವನ್ನು ಬಿಚ್ಚಿದರೆ ಒಳಗೆ ಒಂದು ಮೈಕ್ರೊ ಎಸ್‌ಡಿ ಕಾರ್ಡು ಸಿಗುತ್ತದೆ, ಕಂಪ್ಯೂಟರಿಗೆ 16 ಟಿಬಿ ಎಂದು ಸುಳ್ಳು ಹೇಳುವಂತೆ ಅದನ್ನು ತಿದ್ದಿರುತ್ತಾರೆ. ಕಾರ್ಡು ತುಂಬಿದ ಮೇಲೂ ಫೈಲುಗಳ ಹೆಸರು ಕಾಣುತ್ತಲೇ ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಆಟ ನೋಡೋಣ ಎಂದು ತೆರೆದ ದಿನವೇ ಅದು ಗೊತ್ತಾಗುವುದು.

ದುಬೈಯಿಂದ ತರುವುದರಲ್ಲಿ ನನ್ನ ಅಭ್ಯಂತರ ಬೆಲೆಯದ್ದಲ್ಲ, ವಾರಂಟಿಯದ್ದು. ಡಿಸ್ಕುಗಳ ವಾರಂಟಿ ಸಾಮಾನ್ಯವಾಗಿ ಕೊಂಡ ಪ್ರದೇಶಕ್ಕೆ ಸೇರಿದ್ದು, ಅಲ್ಲಿ ತೆಗೆದದ್ದಕ್ಕೆ ಇಲ್ಲಿನ ಸರ್ವಿಸ್ ಸೆಂಟರಿನಲ್ಲಿ ಬದಲಿ ಸಿಗದೆ ಹೋಗಬಹುದು. ಆಗ ತಮ್ಮ ಮುಂದಿನ ರಜೆಗೆ ಬರುವವರೆಗೆ ಕಾಯಬೇಕು. ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಬಿಲ್ ಸಹಿತ ಕೊಳ್ಳುವುದು ಸುಲಭ. ಏನಾದರೂ ತಂದುಕೊಡಲೇಬೇಕೆಂಬ ಆಸೆ ತಮ್ಮನಿಗೆ ಇದ್ದರೆ ಒಂದು ಒಳ್ಳೆಯ ಎಸ್‌ಡಿ ಕಾರ್ಡೋ ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿಯೋ ತರಲಿ. ಇಲ್ಲಿ ಕೊಂಡದ್ದಕ್ಕೂ ಸೀರಿಯಲ್ ನಂಬರನ್ನು ಕಂಪೆನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ಎಂದಿನವರೆಗೆ ಇದೆ ಎಂದು ಮೊದಲ ದಿನವೇ ನೋಡಿಕೊಳ್ಳಿ. ವಾರಂಟಿಯಲ್ಲಿ ಸಿಗುವುದು ಡಿಸ್ಕ್ ಮಾತ್ರ, ಅದರೊಳಗಿದ್ದದ್ದು ಸಿಗುವುದಿಲ್ಲ.

ತಂದ ಕೂಡಲೇ ವೀಡಿಯೊ ತುಂಬಬೇಡಿ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಪ್ರೋಗ್ರಾಂ ಉಂಟು. ಅದು ಡಿಸ್ಕಿನ ಮೂಲೆ ಮೂಲೆಗೆ ಬರೆದು, ಬರೆದದ್ದನ್ನು ಪುನಃ ಓದಿ ತಾಳೆ ನೋಡುತ್ತದೆ. 2 ಟಿಬಿಗೆ ಬರೆಯಲು ಆರೇಳು ಗಂಟೆ, ಓದಲು ಅಷ್ಟೇ. ರಾತ್ರಿ ಶುರು ಮಾಡಿ ಮಲಗಿ. ಅದಾದ ಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಪ್ರೋಗ್ರಾಂ ತೆರೆದು 'ರೀಅಲೊಕೇಟೆಡ್ ಸೆಕ್ಟರ್' ಮತ್ತು 'ಕರೆಂಟ್ ಪೆಂಡಿಂಗ್ ಸೆಕ್ಟರ್' ಎಂಬ ಎರಡು ಸಾಲು ನೋಡಿ, ಡಿಸ್ಕಿನಲ್ಲಿ ಕೆಟ್ಟ, ಕೆಡುತ್ತಿರುವ ಜಾಗಗಳ ಎಣಿಕೆ ಅವು. ಹೊಸ ಡಿಸ್ಕಿನಲ್ಲಿ ಎರಡರ ಮೌಲ್ಯವೂ ಸೊನ್ನೆ ಇರಬೇಕು. ಇಲ್ಲದಿದ್ದರೆ ಬದಲಿಸಿಕೊಡುವ ಅವಧಿ ಮುಗಿಯುವ ಮೊದಲು ಅಂಗಡಿಗೆ ವಾಪಸ್ ಕೊಡಿ.

ಈಗ ನಮ್ಮ ಊರಿಗೆ ವಿಶೇಷವಾಗಿ ಹೇಳಬೇಕಾದ್ದು. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಹಿಡಿಯುವ ಮನೆಯಲ್ಲಿ ಡಿಸ್ಕ್ ಐದಾರು ತಿಂಗಳು ಹೆಚ್ಚುಕಡಿಮೆ ಸುಮ್ಮನೆ ಕೂರುತ್ತದೆ, ಏಕೆಂದರೆ ಪತ್ತನಾಜೆಯ ನಂತರ ಮೇಳ ಇಲ್ಲ. ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಡಬ್ಬಿ ಅಲ್ಲ, ಒಳಗಿನ ಮತ್ತು ಹೊರಗಿನ ಒತ್ತಡ ಸಮವಾಗಿರಲು ಅದಕ್ಕೊಂದು ಸಣ್ಣ ತೂತು, ಅದಕ್ಕೊಂದು ಫಿಲ್ಟರ್ ಇರುತ್ತದೆ. ದೂಳನ್ನು ಅದು ತಡೆಯುತ್ತದೆ, ತೇವವನ್ನು ಪೂರ್ತಿ ತಡೆಯುವುದಿಲ್ಲ. ಬೋರ್ಡಿನ ಮತ್ತು ಪೋರ್ಟಿನ ಲೋಹಕ್ಕೆ ಹಸಿರು ಕಿಲುಬು ಬರುವುದೂ ಈ ತಿಂಗಳುಗಳಲ್ಲೇ. ರಬ್ಬರಿನ ಅಂಚಿದ್ದು ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ಆದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕೆಂದು ಅದೇ ಹೇಳುತ್ತದೆ. ಅಕ್ಕಿಯಲ್ಲಿ ಹುಗಿದಿಡುವುದು ಬೇಡ, ಅಕ್ಕಿಯ ಹುಡಿ ಪೋರ್ಟಿಗೆ ಸೇರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹೊರತೆಗೆದು ಅರ್ಧ ಗಂಟೆ ಓಡಿಸಿ, ತಾಳಮದ್ದಳೆಯ ಫೈಲು ಹಾಕುವ ನೆಪದಲ್ಲಾದರೂ ಆಗಲಿ. ಎಸಿ ಕೋಣೆಯಿಂದಲೋ ಎಸಿ ಕಾರಿನಿಂದಲೋ ತಂದಿದ್ದರೆ ಕೂಡಲೇ ಸಿಕ್ಕಿಸಬೇಡಿ, ಹೊರಗಿನ ಹವೆಗೆ ಹೊಂದಿಕೊಳ್ಳಲು ಒಂದು ಗಂಟೆ ಬಿಡಿ.

ಮಳೆಗಿಂತ ಕೆಟ್ಟದ್ದು ಸಿಡಿಲು. ಏಪ್ರಿಲ್-ಮೇ ತಿಂಗಳಲ್ಲಿ, ಮತ್ತೆ ತುಲಾ ಮಾಸದ ಮಳೆ ಶುರುವಾದ ಅಕ್ಟೋಬರ್-ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ರಾತ್ರಿಯವರೆಗೆ ನಮ್ಮಲ್ಲಿ ಗುಡುಗು ಸಿಡಿಲು ಹೇಗಿರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಚಾರ್ಜರ್ ಹಾಕಿದ ಲ್ಯಾಪ್‌ಟಾಪಿಗೆ ಎರಡು ಡಿಸ್ಕ್ ಒಟ್ಟಿಗೇ ಸಿಕ್ಕಿಸಿಕೊಂಡು ಕಾಪಿ ಮಾಡುತ್ತಿರುವಾಗ ಲೈನಿನಲ್ಲಿ ಹೆಚ್ಚು ವೋಲ್ಟೇಜ್ ಬಂದರೆ ಮೂರೂ ಒಟ್ಟಿಗೆ ಹೋಗಬಹುದು. ಎರಡು ಪ್ರತಿ ಇದ್ದೂ ಇಲ್ಲದ ಹಾಗಾಗುವುದು ಹೀಗೆಯೇ. ಈ ತಿಂಗಳುಗಳಲ್ಲಿ ಕಾಪಿಯ ಕೆಲಸ ಬೆಳಗ್ಗೆ ಮುಗಿಸಿ. ಮೋಡ ಕಟ್ಟಿದರೆ ಚಾರ್ಜರನ್ನು ಗೋಡೆಯಿಂದಲೇ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು. ಲ್ಯಾಪ್‌ಟಾಪಿನ ಬ್ಯಾಟರಿ ಚೆನ್ನಾಗಿದ್ದರೆ ಕಾಪಿಯನ್ನು ಬ್ಯಾಟರಿಯಲ್ಲೇ ಮಾಡಿ, ಕರೆಂಟ್ ಹೋಗಿ ಬಂದು ಆಟ ಆಡಿಸುವುದರಿಂದಲೂ ಪಾರು. ಹೇಗೂ ಎರಡು ಡಿಸ್ಕ್ ಒಂದೇ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಇರಬಾರದು ಎಂಬುದನ್ನು ಅಭ್ಯಾಸ ಮಾಡಿಕೊಳ್ಳಿ. ಒಂದಕ್ಕೆ ಹಾಕಿ, ತೆಗೆದು, ಮತ್ತೆ ಇನ್ನೊಂದಕ್ಕೆ.

ತೆಗೆಯುವಾಗ ಇಜೆಕ್ಟ್ ಒತ್ತಿ, ತಿರುಗುವ ಸದ್ದು ನಿಂತ ಮೇಲೆ ಎತ್ತಿ. ತಿರುಗುತ್ತಿರುವಾಗ ಹೆಡ್ಡಿಗೂ ತಟ್ಟೆಗೂ ನಡುವೆ ಕೆಲವೇ ನ್ಯಾನೋಮೀಟರ್ ಅಂತರ. ನಿಂತಿರುವಾಗ ಹೆಡ್ಡು ಬದಿಗೆ ಸರಿದಿರುತ್ತದೆ, ಆಗ ಸಣ್ಣ ಪೆಟ್ಟು ತಾಳಿಕೊಳ್ಳುತ್ತದೆ. ಕೈತಪ್ಪುವುದು ಹೆಚ್ಚಾಗಿ ಈ ಎರಡು ಸೆಕೆಂಡಿನ ಅವಸರದಲ್ಲೇ.

ಎರಡನೆಯ ಡಿಸ್ಕ್ ನಿಮ್ಮ ಮನೆಯಲ್ಲಿ ಇರಬಾರದು. ಅಳಿಯನ ಮನೆಯಲ್ಲಿಡಿ, ಎಸ್‌ಎಸ್‌ಡಿ ಬೇಡವೆಂದದ್ದಕ್ಕೆ ಅವರಿಗೂ ಒಂದು ಸಮಾಧಾನ. ಹೋದಾಗಲೋ ಬಂದಾಗಲೋ ತಂದು ಹೊಸದನ್ನು ಸೇರಿಸಿ ಕಳುಹಿಸಿ. ಲ್ಯಾಪ್‌ಟಾಪಿನಲ್ಲಿರುವುದರ ಜೊತೆ ಒಂದೊಂದೇ ಡಿಸ್ಕನ್ನು ಸಿಕ್ಕಿಸಿ ಹೊಂದಿಸಲು ಫ್ರೀಫೈಲ್‌ಸಿಂಕ್ ಎಂಬ ಪ್ರೋಗ್ರಾಂ ಬಳಸಬಹುದು, ಆದರೆ 'ಮಿರರ್' ಆಯ್ಕೆ ಬೇಡ. ಲ್ಯಾಪ್‌ಟಾಪಿನಲ್ಲಿ ಅಳಿಸಿದ್ದನ್ನು ಅದು ಡಿಸ್ಕಿನಲ್ಲೂ ಅಳಿಸುತ್ತದೆ. 'ಅಪ್‌ಡೇಟ್' ಎಂಬುದನ್ನು ಆರಿಸಿ, ಹೊಸದನ್ನು ಮಾತ್ರ ಸೇರಿಸುತ್ತದೆ. ಎರಡರಲ್ಲೂ ಒಂದೊಂದು ವೀಡಿಯೊ ನಡುವಿನಿಂದ ಓಡಿಸಿ ನೋಡಿದ ಮೇಲೆಯೇ ಲ್ಯಾಪ್‌ಟಾಪಿನಿಂದ ಅಳಿಸಿ, ಕಾರ್ಡನ್ನು ಫಾರ್ಮ್ಯಾಟ್ ಮಾಡಿ. ಯೂಟ್ಯೂಬಿಗೆ ಹಾಕಿದ್ದೇನಲ್ಲ ಎಂದು ಧೈರ್ಯದಿಂದಿರಬೇಡಿ, ಅಲ್ಲಿಂದ ವಾಪಸ್ ಸಿಗುವುದು ಅವರು ಕುಗ್ಗಿಸಿದ ಪ್ರತಿ.

ಫಾರ್ಮ್ಯಾಟ್, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ, ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಇರಲಿ. ಬರೆಯುವಾಗ ಕರೆಂಟೋ ಕೇಬಲೋ ಹೋದರೂ ಅದು ಎಕ್ಸ್‌ಫ್ಯಾಟ್‌ಗಿಂತ ಚೆನ್ನಾಗಿ ಸುಧಾರಿಸಿಕೊಳ್ಳುತ್ತದೆ. ಮನೆಯಲ್ಲಿ ಯಾರಾದರೂ ಮ್ಯಾಕ್ ಬಳಸುತ್ತಿದ್ದರೆ ಎಕ್ಸ್‌ಫ್ಯಾಟ್ ಬೇಕಾದೀತು, ಏಕೆಂದರೆ ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಫ್ಯಾಟ್32 ಅಂತೂ ಬೇಡ, 4 ಜಿಬಿಗಿಂತ ದೊಡ್ಡ ಫೈಲನ್ನು ಅದು ಒಳಗೇ ಬಿಡುವುದಿಲ್ಲ.

ಟಿವಿಗೆ ಈ ಡಿಸ್ಕನ್ನು ಸಿಕ್ಕಿಸಲೇಬೇಡಿ ಎನ್ನುತ್ತೇನೆ. ಕೆಲವು ಟಿವಿಗಳ ಪೋರ್ಟು ಡಿಸ್ಕಿಗೆ ಬೇಕಾದಷ್ಟು ಕರೆಂಟ್ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ, ಆಂಡ್ರಾಯ್ಡ್ ಟಿವಿ ಹೊಸ ಡಿಸ್ಕ್ ಕಂಡಾಗ ಇದನ್ನು ಟಿವಿಯ ಸ್ಟೋರೇಜ್ ಆಗಿ ಬಳಸಬೇಕೇ ಎಂದು ಕೇಳುತ್ತದೆ. ಮೊಮ್ಮಕ್ಕಳ ಕೈಯಲ್ಲಿ ರಿಮೋಟು ಇದ್ದು ಹೌದು ಎಂದು ಒತ್ತಿದರೆ ಡಿಸ್ಕ್ ಫಾರ್ಮ್ಯಾಟ್ ಆಗಿ ಎಲ್ಲ ಅಳಿಯುತ್ತದೆ. 128 ಜಿಬಿಯ ಒಂದು ಪೆನ್‌ಡ್ರೈವ್ ತೆಗೆದು ಟಿವಿಯ ಹಿಂದೆಯೇ ಇಟ್ಟುಬಿಡಿ. ನೋಡಬೇಕೆನಿಸಿದ ಆಟವನ್ನು ಅದಕ್ಕೆ ಹಾಕಿ, ಎರಡು ಕಾಲಮಿತಿ ಆಟ ಒಟ್ಟಿಗೆ ಹಿಡಿಯುತ್ತದೆ. ಟಿವಿ ಎಕ್ಸ್‌ಫ್ಯಾಟ್ ಓದದಿದ್ದರೆ ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್‌ಗೆ ಬದಲಿಸಿ ನೋಡಿ. ಅದೂ ಬಾರದಿದ್ದರೆ ಲ್ಯಾಪ್‌ಟಾಪಿನಿಂದ ಟಿವಿಗೆ ಒಂದು ಎಚ್‌ಡಿಎಂಐ ಕೇಬಲ್ ಹಾಕಿದರಾಯಿತು.